ಬಟ್ಟೆ ಅಕ್ಕನ ಹೊಟ್ಟೆಕಿಚ್ಚು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಇಳಿಜಾರಿನಲ್ಲಿ ತಳ್ಳುಗಾಡಿಗಳು ಒಂದರ ಹಿಂದೊಂದು ನಿಂತಿವೆ. ಎಲ್ಲದರಲ್ಲೂ ಬಾಯಿ ಬಿಗಿದ ಕೆಂಪು ಚೀಲಗಳು. ಚೀಲಗಳಲ್ಲಿ ರಾತ್ರಿಯಿಡೀ ಜನ ಬೆವರಿ, ಕೆಮ್ಮಿ, ಹೊರಳಾಡಿದ ಹಾಸಿಗೆಗಳ ಬಟ್ಟೆ. ನೆಲಮಾಳಿಗೆಯ ಕಬ್ಬಿಣದ ಬಾಗಿಲು ಕಿರ್ರೆಂದು ತೆರೆಯುತ್ತದೆ. ತಲೆಯಿಂದ ಪಾದದವರೆಗೆ ಪ್ಲಾಸ್ಟಿಕ್ ಸುತ್ತಿಕೊಂಡು, ಮೊಣಕೈವರೆಗೆ ರಬ್ಬರ್ ಗವಸು ಹಾಕಿಕೊಂಡ ಒಂದು ಆಕೃತಿ ಹೊರಗೆ ಬಂದು ಮೊದಲ ಗಾಡಿಗೆ ಸೊಂಟ ಕೊಟ್ಟು ತಳ್ಳುತ್ತದೆ. ಗಂಡೋ ಹೆಣ್ಣೋ ತಿಳಿಯುವುದಿಲ್ಲ. ದೂರದಲ್ಲಿ ನಿಂತ ನನ್ನನ್ನು ಕಂಡು ಅದು ಹೇಳುತ್ತದೆ: “ಅಲ್ಲೇ ನಿಂತ್ಕೊಳ್ಳಿ. ಆ ಚರಂಡಿ ದಾಟಿ ಬರಬೇಡಿ.” ದನಿ ಕೇಳಿದ ಮೇಲೆ ಹೆಂಗಸು ಎಂದು ಗೊತ್ತಾಗುತ್ತದೆ.

ಈಕೆಯನ್ನು ಇಡೀ ಆಸ್ಪತ್ರೆ ಬಟ್ಟೆ ಅಕ್ಕ ಎಂದು ಕರೆಯುತ್ತದೆ. ಸಂಬಳದ ದಿನ ಬಿಟ್ಟರೆ ನಿಜವಾದ ಹೆಸರು ಯಾರಿಗೂ ಬೇಕಾಗುವುದಿಲ್ಲವಂತೆ. ಈ ಹೊಸ ಕಾಯಿಲೆ ಊರಿಗೆ ಕಾಲಿಟ್ಟ ಮೇಲೆ ವೈದ್ಯರ ಬಗ್ಗೆ ಬರೆದೆವು, ನರ್ಸ್‌ಗಳ ಬಗ್ಗೆ ಬರೆದೆವು, ಆಂಬುಲೆನ್ಸ್ ಓಡಿಸುವವರ ಬಗ್ಗೆಯೂ ಬರೆದೆವು. ಅವರೆಲ್ಲ ಮುಟ್ಟಿದ, ಹೊದೆದ, ಒರೆಸಿದ ಬಟ್ಟೆ ಎಲ್ಲಿಗೆ ಹೋಗುತ್ತದೆ ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅದು ಇಲ್ಲಿಗೆ ಬರುತ್ತದೆ.

ನಮ್ಮ ಪತ್ರಿಕೆಯ ಈ ಪುಟದಲ್ಲಿ ಕಾಣಿಸಿಕೊಳ್ಳುವವರು ಸಾಮಾನ್ಯವಾಗಿ ಒಳ್ಳೆಯವರು. ಎಷ್ಟೇ ಕಷ್ಟ ಇರಲಿ, ಕೊನೆಗೆ “ನನಗೇನೂ ಬೇಡ, ಎಲ್ಲರೂ ಚೆನ್ನಾಗಿದ್ರೆ ಸಾಕು” ಎಂದು ನನ್ನ ಕೆಲಸ ಹಗುರ ಮಾಡಿಕೊಡುತ್ತಾರೆ. ಬಟ್ಟೆ ಅಕ್ಕನ ಬಾಯಿಂದ ಅಂಥದೊಂದು ಮಾತು ಹೊರಡಿಸಲು ಕೆಲವು ಬೆಳಗಿನ ಹೊತ್ತು ನಾನು ಚರಂಡಿಯ ಈಚೆ ನಿಂತು ಹೆಣಗಾಡಿದ್ದೇನೆ. ಹೀಗೆ ಜೀವ ಕೈಯಲ್ಲಿ ಹಿಡಿದುಕೊಂಡು ದುಡಿಯುವಾಗ ಏನನ್ನಿಸುತ್ತದೆ ಎಂದು ಕೇಳಿದರೆ ಒಂದೇ ಉತ್ತರ.

“ಹೊಟ್ಟೆ ಉರಿಯುತ್ತೆ. ಹಾಗೇ ಬರ್ಕೊಳ್ಳಿ.”

ಯಾರನ್ನು ಕಂಡರೆ ಎಂದು ಕೇಳಿದೆ. ಆಕೆ ಗಾಡಿ ನಿಲ್ಲಿಸಿ, ಗವಸಿನ ಕೈಯನ್ನು ಮೈಗೆ ತಾಗದಂತೆ ದೂರ ಹಿಡಿದು, ಸಾವಧಾನವಾಗಿ ಹೇಳತೊಡಗಿದರು. ಮೇಲಿನ ನರ್ಸಮ್ಮಂದಿರಿಗೆ ಹೋಟೆಲಿನಲ್ಲಿ ಕೋಣೆ ಕೊಟ್ಟಿದ್ದಾರೆ, ಬಿಸಿನೀರು ಬರುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಮಂಚ. ಬಟ್ಟೆಯವರಿಗೆ ಸಿಕ್ಕಿದ್ದು ಹಳೇ ತರಬೇತಿ ಶಾಲೆಯ ತರಗತಿ. ಬೆಂಚುಗಳನ್ನು ಜೋಡಿಸಿ ಮಲಗುತ್ತಾರೆ. ಕಣ್ಣು ಬಿಟ್ಟರೆ ಎದುರಿನ ಕಪ್ಪು ಹಲಗೆಯ ಮೇಲೆ ಮನುಷ್ಯನ ಮೂಳೆಗಳ ಚಿತ್ರ, ಯಾರೂ ಅಳಿಸಿಲ್ಲ. ಇದು ಮೊದಲನೆಯ ಉರಿ, ಸಣ್ಣದು. ಎರಡನೆಯದು ಇಸ್ತ್ರಿ ಕಡೆಯವರನ್ನು ಕಂಡರೆ.

ಇಸ್ತ್ರಿ ಕಡೆ ಎಂದರೇನೆಂದು ಹೇಳಬೇಕು. ಇಲ್ಲಿನ ಒಗೆಯುವ ಯಂತ್ರ ಒಂದು ಸಣ್ಣ ಕೋಣೆಯಷ್ಟಿದೆ, ಗೋಡೆಯ ನಡುವೆ ಕೂರಿಸಿದ್ದಾರೆ. ಗೋಡೆಯ ಈಚೆಗೊಂದು ಬಾಗಿಲು, ಆಚೆಗೊಂದು ಬಾಗಿಲು. ಕೊಳೆ ಬಟ್ಟೆ ಈಚೆಯಿಂದ ಒಳಗೆ ಹೋಗುತ್ತದೆ, ಸುಡುನೀರಿನಲ್ಲೂ ಬ್ಲೀಚಿನಲ್ಲೂ ಹೊರಳಾಡಿ ಆಚೆಯಿಂದ ಹೊರಗೆ ಬರುತ್ತದೆ. ಈಚೆಯವರು ಆಚೆ ಹೋಗುವ ಹಾಗಿಲ್ಲ, ಆಚೆಯವರು ಈಚೆ ಬರುವ ಹಾಗಿಲ್ಲ. ನಡುವೆ ಅಂಗೈಯಗಲದ ಒಂದು ಗಾಜು. ಕೊಳೆ ಕಡೆ ಬಟ್ಟೆ ಅಕ್ಕ, ಇಸ್ತ್ರಿ ಕಡೆ ಆಕೆಯ ಬಹುಕಾಲದ ಗೆಳತಿ. ಗೆಳತಿ ಬಿಸಿಬಿಸಿ ಚಾದರ ಮಡಚಿ, ಸಂಜೆ ಕೈ ತೊಳೆದುಕೊಂಡು ಮನೆಗೆ ಹೋಗುತ್ತಾಳೆ. ಕೊಳೆ ಕಡೆಯವರಿಗೆ ಮನೆ ಇಲ್ಲ, ಆವರಣ ಬಿಟ್ಟು ಹೊರಗೆ ಹೋಗಬಾರದೆಂದು ಕಟ್ಟಪ್ಪಣೆ. “ಇಷ್ಟು ವರ್ಷದಲ್ಲಿ ನಾನು ಒಗೆದ ಬಟ್ಟೇನ ನಾನು ಒಂದ್ಸಲಾನೂ ಮುಟ್ಟಿ ನೋಡಿಲ್ಲ,” ಎನ್ನುತ್ತಾರೆ ಬಟ್ಟೆ ಅಕ್ಕ. “ಕೊಳೆ ನನಗೆ, ಘಮಘಮ ಅವಳಿಗೆ.”

ಕೆಲಸವೇನು ಕಡಿಮೆಯದಲ್ಲ. ಮೊದಲು ದಿನಕ್ಕೆ ಎಂಟೋ ಹತ್ತೋ ಗಾಡಿ ಬರುತ್ತಿದ್ದದ್ದು ಈಗ ಇಪ್ಪತ್ತು ದಾಟುತ್ತದೆ. ಒಂದೊಂದು ಚೀಲವನ್ನೂ ಬಿಚ್ಚಿ, ಚಾದರ ಬೇರೆ, ನಿಲುವಂಗಿ ಬೇರೆ, ರಕ್ತದ್ದು ಬೇರೆ ಮಾಡಬೇಕು. ಕೊಡವುವ ಹಾಗಿಲ್ಲ, ಎದೆಗೆ ಅಪ್ಪಿ ಹಿಡಿಯುವ ಹಾಗಿಲ್ಲ. ಚಾದರದ ಮಡಿಕೆಗಳಲ್ಲಿ ಏನೇನೋ ಸಿಗುತ್ತದೆ: ಹಲ್ಲಿನ ಸೆಟ್ಟು, ಕನ್ನಡಕ, ಒಂಟಿ ಕಾಲುಚೀಲ. ಒಂದು ದಿನ ಚೀಲದೊಳಗೆ ಫೋನು ಬಡಿದುಕೊಂಡಿತಂತೆ. ತೆಗೆದು ನೋಡಿದರೆ ಪರದೆಯ ಮೇಲೆ ‘ಮನೆ’ ಎಂದಿತ್ತು. ಅದನ್ನು ವಾರ್ಡಿಗೆ ಮುಟ್ಟಿಸುವವರೆಗೂ ಬಟ್ಟೆ ಅಕ್ಕ ಎರಡನೇ ಗಾಡಿಗೆ ಕೈ ಹಾಕಲಿಲ್ಲ.

ಪ್ಲಾಸ್ಟಿಕ್ ಉಡುಪಿನೊಳಗೆ ಬೆವರು ನೀರಾಗಿ ಹರಿದು ಬೂಟಿಗೆ ಇಳಿಯುತ್ತದೆ. ಒಮ್ಮೆ ಹಾಕಿಕೊಂಡರೆ ಮಧ್ಯಾಹ್ನದವರೆಗೆ ತೆಗೆಯುವಂತಿಲ್ಲ, ನೀರು ಕುಡಿಯುವಂತಿಲ್ಲ. ಈ ಕಷ್ಟ ಬರೆದುಕೊಳ್ಳಲೇ ಎಂದು ನಾನು ಪೆನ್ನು ತೆಗೆದೆ. ಅದನ್ನು ಬೇಕಾದರೆ ಬರೆದುಕೊಳ್ಳಿ, ಬೇಡದಿದ್ದರೆ ಬಿಡಿ ಎಂದರು. ಬೆವರಿಗೆ ಹೊಟ್ಟೆ ಉರಿಯುವುದಿಲ್ಲವಂತೆ. ಹಾಗಾದರೆ ದೊಡ್ಡ ಉರಿ ಯಾವುದು ಎಂದೆ. ಬಟ್ಟೆ ಅಕ್ಕ ಗಾಡಿಯತ್ತ ತಿರುಗಿದರು.

“ನನ್ನ ವಾರಗಿತ್ತಿ.”

ಬಟ್ಟೆ ಅಕ್ಕನಿಗೆ ನಾಲ್ಕು ವರ್ಷದ ಒಬ್ಬಳೇ ಮಗಳು. ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದವಳು, ಬಾಯಿ ಬಿಟ್ಟರೆ ಪಟಪಟ, ಹಾಗಾಗಿ ಮನೆಯವರಿಗೆಲ್ಲ ಚಿನಕುರಳಿ. ಗಂಡ ಲಾರಿ ಓಡಿಸುತ್ತಾರೆ. ರಸ್ತೆ ಮುಚ್ಚಿದ ದಿನ ಯಾವುದೋ ಗಡಿಯಲ್ಲಿ ಸಿಕ್ಕಿಕೊಂಡವರು ಇನ್ನೂ ಲಾರಿಯಡಿಯಲ್ಲೇ ಅಡುಗೆ ಮಾಡಿಕೊಂಡಿದ್ದಾರೆ. ಮನೆಯಲ್ಲಿರುವುದು ಮೈದುನ, ಆತನ ಹೆಂಡತಿ, ಅವರ ಹತ್ತು ವರ್ಷದ ಮಗ. ಎರಡು ಸಂಸಾರಕ್ಕೆ ಒಂದೇ ಅಡುಗೆಮನೆ, ಒಂದೇ ನಲ್ಲಿ. ಆ ನಲ್ಲಿಯ ಕೆಳಗೆ ಯಾರ ಪಾತ್ರೆ ಮೊದಲು ಎಂಬ ವಿಷಯದಲ್ಲಿ ವಾರಗಿತ್ತಿಯರಿಬ್ಬರೂ ಮುಖ ಊದಿಸಿಕೊಂಡ ದಿನಗಳು ಎಷ್ಟೋ. ಆದರೆ ಬಟ್ಟೆ ಅಕ್ಕ ಆಸ್ಪತ್ರೆಗೆ ಬಂದ ಹೊತ್ತಿನಲ್ಲೆಲ್ಲ ಮಗುವನ್ನು ನೋಡಿಕೊಂಡವಳು ಆ ವಾರಗಿತ್ತಿಯೇ. ಮನೆಯಲ್ಲೇ ಕುಳಿತು ಬಟ್ಟೆ ಹೊಲಿಯುತ್ತಾಳೆ.

ಆ ಮೊದಲ ದಿನಗಳು ನಮಗೆಲ್ಲ ನೆನಪಿವೆ, ಹೆಚ್ಚು ಹಿಂದಿನದಲ್ಲವಲ್ಲ. ಯಾರಿಗೂ ಏನೂ ಗೊತ್ತಿರಲಿಲ್ಲ. ತರಕಾರಿಗೆ ಸೋಪು ಹಚ್ಚಿ ತೊಳೆದೆವು, ಹಾಲಿನ ಪೊಟ್ಟಣ ಒರೆಸಿದೆವು, ಬಾಗಿಲ ಚಿಲಕ ಕಂಡರೆ ಹಾವು ಕಂಡಂತೆ ಕೈ ಹಿಂದಕ್ಕೆಳೆದೆವು. ಕಾಯಿಲೆ ಬಟ್ಟೆಯಿಂದ ಬರುತ್ತದೆ ಎಂದು ಒಬ್ಬರು, ಬರುವುದಿಲ್ಲ ಎಂದು ಇನ್ನೊಬ್ಬರು. ಬಟ್ಟೆ ಅಕ್ಕನ ಬೀದಿಯಲ್ಲಿ ಬರುತ್ತದೆ ಎನ್ನುವವರೇ ಹೆಚ್ಚಿದ್ದರು. ಆಕೆ ಹಾದುಹೋಗುವಾಗ ಕಿಟಕಿಗಳು ಪಟಾರನೆ ಮುಚ್ಚಿಕೊಳ್ಳುತ್ತಿದ್ದವು. ಆಮೇಲೆ ಒಂದು ದಿನ ಸೂಪರ್‌ವೈಸರ್ ಕೊಳೆ ಕಡೆಯವರನ್ನು ನಿಲ್ಲಿಸಿ, ಎರಡು ವಾರ ಯಾರೂ ಮನೆಗೆ ಹೋಗಬಾರದು, ಬಟ್ಟೆಬರೆ ತಂದುಬಿಡಿ ಎಂದರು. ಬಟ್ಟೆ ಅಕ್ಕ ಮನೆಗೆ ಹೋದಾಗ ಮಗು ನಿದ್ದೆಯಲ್ಲಿತ್ತು. ಎಬ್ಬಿಸಿದರೆ ಬಿಡುವುದಿಲ್ಲವೆಂದು, ಮೈ ಮುಟ್ಟಲೂ ಹೆದರಿ, ಹೊಸ್ತಿಲಿಂದಲೇ ನೋಡಿಕೊಂಡು ಬಂದುಬಿಟ್ಟರು. “ಎರಡು ವಾರ ಅಂದ್ರು. ಆಮೇಲೆ ಇನ್ನೆರಡು ಅಂದ್ರು. ಈಗ ಕೇಳಿದ್ರೆ ಏನೂ ಅನ್ನಲ್ಲ.”

ಶುರುವಿನಲ್ಲಿ ಫೋನಿನಲ್ಲಿ ಮಗು ಅಮ್ಮಾ ಅಮ್ಮಾ ಎಂದು ಅತ್ತು ರಂಪ ಮಾಡುತ್ತಿತ್ತು. ಕೇಳಿ ಬಟ್ಟೆ ಅಕ್ಕ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಬರಬರುತ್ತಾ ಅಳು ಕಡಿಮೆಯಾಯಿತು. ಆಮೇಲೆ ನಿಂತೇ ಹೋಯಿತು. ಒಂದು ದಿನ ಫೋನಿಗೆ ಬರಲೇ ಇಲ್ಲ, ಅಣ್ಣನ ಜೊತೆ ಆಡುತ್ತಿದ್ದಾಳೆ, ಕರೆದರೆ ಬರುವುದಿಲ್ಲ ಎಂದಳು ವಾರಗಿತ್ತಿ. ಅತ್ತಾಗ ಅಳದಿರಲಿ ಎಂದು ಬೇಡಿಕೊಂಡಿದ್ದ ತಾಯಿಗೆ ಈಗ ಅಳದಿದ್ದದ್ದೇ ನುಂಗಲಾರದ ತುತ್ತಾಯಿತು. ಇದನ್ನೂ ಆಕೆ ಮುಚ್ಚಿಡುವುದಿಲ್ಲ. “ಮಗು ನಗ್ತಾ ಇದೆ ಅಂದ್ರೆ ನನಗೆ ಖುಷಿ ಆಗ್ಬೇಕು ತಾನೇ? ಆಗ್ಲಿಲ್ಲ. ನಾನಿಲ್ದೇನೂ ನಗುತ್ತಲ್ಲ ಅನ್ನಿಸ್ತು.”

ಅಷ್ಟರಲ್ಲಿ ಒಂದು ಫೋಟೋ ಬಂತು. ಚಿನಕುರಳಿಯ ಉದ್ದ ಕೂದಲು ಮಾಯವಾಗಿ, ಹಣೆಯ ಮೇಲೆ ನೆಟ್ಟಗೆ ಕತ್ತರಿಸಿದ ಮೋಟು ಕೂದಲು. ಸೆಕೆಗೆ ತಲೆಯೆಲ್ಲ ಬೆವರುಸಾಲೆ ಎದ್ದಿತ್ತು, ಅದಕ್ಕೆ ಕತ್ತರಿಸಿದೆ ಅಕ್ಕ ಎಂದು ಕೆಳಗೆ ಬರೆದಿತ್ತು. ಹುಟ್ಟಿದಾಗಿನಿಂದ ಆ ಕೂದಲಿಗೆ ಕತ್ತರಿ ತಾಗಿಸಿದವರು ಬಟ್ಟೆ ಅಕ್ಕ ಒಬ್ಬರೇ. ಕೆಲಸದ ದಿನ ಬೆಳಗ್ಗೆ ಹೆಣೆದು ಕಟ್ಟುವುದಷ್ಟೇ ಆಕೆಗೆ ಮಗುವಿನ ಜೊತೆ ಸಿಗುತ್ತಿದ್ದ ಹೊತ್ತು. ಚೆನ್ನಾಗಿದೆ ಎಂದು ಉತ್ತರ ಬರೆದು, ಗಾಡಿ ತಳ್ಳುವ ಮುಂಚೆ ಅದಕ್ಕೊಂದು ಒದೆ ಕೊಟ್ಟರಂತೆ. ಕಾಲ್ಬೆರಳು ಊದಿಕೊಂಡಿತು.

ಇಷ್ಟಾದರೂ ಸಹಿಸಿಕೊಳ್ಳಬಹುದಿತ್ತು. ಶಾಲಿನ ಪ್ರಸಂಗ ನಡೆಯದಿದ್ದರೆ.

ಒಂದು ಬೆಳಗ್ಗೆ ವಾರಗಿತ್ತಿ ತಾನಾಗಿ ಫೋನು ಮಾಡಿದಳು. ಹಗಲೆಲ್ಲ ಆಡಿಕೊಂಡಿರುತ್ತಾಳೆ, ಮಲಗುವ ಹೊತ್ತಿಗೆ ಮಾತ್ರ ಹಟ, ಕಣ್ಣು ಮುಚ್ಚುವುದಿಲ್ಲ, ನಿಮ್ಮದೊಂದು ಬಟ್ಟೆ ಕಳಿಸಿ ಅಕ್ಕ, ಜೊತೆಗಿಟ್ಟುಕೊಂಡು ಮಲಗಲಿ ಎಂದಳು. ಬಟ್ಟೆ ಅಕ್ಕನಿಗೆ ಅವತ್ತು ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗುವಿಗೆ ನಾನು ಬೇಕು, ಯಾರೂ ಸಾಲುವುದಿಲ್ಲ, ನಾನೇ ಬೇಕು. ಬೆಂಚಿನ ಮೇಲೆ ದಿನಾ ಹೊದ್ದುಕೊಳ್ಳುವ ನೀಲಿ ಹತ್ತಿ ಶಾಲನ್ನು ಎತ್ತಿಕೊಂಡು ಹೊರಟರು. ಬಾಗಿಲವರೆಗೆ ಬಂದಾಗ ಭಯ ಶುರುವಾಯಿತು. ಈ ಶಾಲಿನಲ್ಲಿ ಏನಿದೆಯೋ, ಮಗು ಮೂಗಿಗೆ ಹಿಡಿದು ಮಲಗುತ್ತದೆಯಲ್ಲ.

ಆಮೇಲೆ ಆಕೆ ಮಾಡಿದ್ದನ್ನು ಲಾಂಡ್ರಿಯವರು ಮಾತ್ರ ಮಾಡಲು ಸಾಧ್ಯ. ಶಾಲನ್ನು ಯಂತ್ರಕ್ಕೆ ಹಾಕಿ ಸುಡುನೀರು ಬಿಟ್ಟರು, ಬ್ಲೀಚು ಬಿಟ್ಟರು. ಸಾಲದೆನ್ನಿಸಿ ಇನ್ನೊಂದು ಸುತ್ತು ಓಡಿಸಿದರು. ಗೆಳತಿ ಆಚೆ ಕಡೆಯಿಂದ ತೆಗೆದು, ಇಸ್ತ್ರಿ ಹಾಕಿ, ಮೂಲೆಗೆ ಮೂಲೆ ಕೂಡಿಸಿ ಮಡಚಿ, ಸಂಜೆ ಹೋಗುವಾಗ ಮನೆ ಬಾಗಿಲಿಗೆ ತಲುಪಿಸಿದಳು. ನೀಲಿ ಶಾಲು ಬೂದಿ ಬಣ್ಣವಾಗಿತ್ತು. ಚಿನಕುರಳಿ ಅದನ್ನು ಮೂಸಿ ನೋಡಿ, ಇದು ಅಮ್ಮಂದಲ್ಲ, ಆಸ್ಪತ್ರೆದು ಎಂದು ಮೂಲೆಗೆ ಎಸೆದಳು.

“ಇಡೀ ಊರಿನ ವಾಸನೆ ತೆಗೆದವಳು ನಾನು,” ಎನ್ನುತ್ತಾರೆ ಬಟ್ಟೆ ಅಕ್ಕ. “ನನ್ನ ವಾಸನೇನೂ ನಾನೇ ತೆಗೆದ್ಬಿಟ್ಟೆ.”

ಎರಡು ದಿನ ಬಿಟ್ಟು ವಾರಗಿತ್ತಿಯ ಫೋನು. ಈಗ ಚೆನ್ನಾಗಿ ಮಲಗುತ್ತಾಳೆ, ನನ್ನ ಮಡಿಲಲ್ಲಿ ತಲೆಯಿಟ್ಟರೆ ಸಾಕು ನಿದ್ದೆ ಬರುತ್ತದೆ, ನೀವೇನೂ ಚಿಂತೆ ಮಾಡಬೇಡಿ ಅಕ್ಕ ಎಂದಳು. ಸಮಾಧಾನಕ್ಕೆಂದು ಆಡಿದ ಮಾತು ಬೆಂಕಿಗೆ ಸುರಿದ ಎಣ್ಣೆಯಾಯಿತು. ಬಟ್ಟೆ ಅಕ್ಕ ಫೋನು ಇಟ್ಟವರು ಮತ್ತೆ ಮಾಡಿಲ್ಲ. ಮಗುವಿನ ದನಿ ಕೇಳದೆ ವಾರ ಕಳೆಯುತ್ತಾ ಬಂದಿದೆ. ಮಾಡಿದರೆ ಮೊದಲು ವಾರಗಿತ್ತಿಯ ದನಿ ಕೇಳಬೇಕಲ್ಲ ಎನ್ನುತ್ತಾರೆ. ಆಕೆಯನ್ನು ಕಾಡುತ್ತಿರುವುದು ಕಾಯಿಲೆಯಲ್ಲ. ಒಂದು ದಿನ ಈ ಬಾಗಿಲು ತೆರೆದು ಮನೆಗೆ ಹೋಗು ಎನ್ನುತ್ತಾರೆ, ಅವತ್ತು ತಾನು ಕೈ ಚಾಚಿದರೆ ಮಗು ಬಂದೀತೇ ಎಂಬುದು. “ಬರ್ದೇ ಇದ್ರೆ ಏನ್ ಮಾಡೋದು ಹೇಳಿ. ಇದಕ್ಕೆ ಔಷಧಿ ಮೇಲಿರೋ ಡಾಕ್ಟ್ರ ಹತ್ರಾನೂ ಇಲ್ಲ.”

ನನ್ನ ಕೆಲಸದಲ್ಲಿ ಒಬ್ಬರ ಮಾತು ಕೇಳಿ ಸುಮ್ಮನಾಗುವ ಹಾಗಿಲ್ಲ. ಓಡಾಟದ ಪಾಸು ಇದ್ದದ್ದರಿಂದ ಮರುದಿನ ಆ ಮನೆಗೆ ಹೋದೆ. ಬಿಕೋ ಎನ್ನುವ ಬೀದಿ, ಮೊದಲನೆಯ ಮಹಡಿ, ಕಿರಿದಾದ ಬಾಲ್ಕನಿ. ನಾನು ಕೆಳಗೆ ಬೀದಿಯಲ್ಲಿ ನಿಂತೆ, ವಾರಗಿತ್ತಿ ಮೇಲೆ ಕಂಬಿ ಹಿಡಿದು ನಿಂತಳು. ಕಣ್ಣ ಕೆಳಗೆ ಕಪ್ಪು, ಕೊರಳಲ್ಲಿ ಅಳತೆಯ ಟೇಪು. ಮುಖಗವಸು ಹೊಲಿದು ಹೊಲಿದು ಬೆರಳ ತುದಿ ಸೀಳಿದೆಯೆಂದು ಎತ್ತಿ ತೋರಿಸಿದಳು. ಪತ್ರಿಕೆಯವರು ಎಂದ ಕೂಡಲೇ ಕೇಳಿದ್ದು ಒಂದೇ ಪ್ರಶ್ನೆ.

“ಅವರ ಬಗ್ಗೆ ಬರೀತೀರಾ? ಮಗು ನೋಡ್ಕೊಂಡಿರೋರ ಬಗ್ಗೆ ಯಾರು ಬರೀತಾರೆ?”

ಒಂದು ಹೊಟ್ಟೆಕಿಚ್ಚನ್ನು ಬರೆಯಲು ಹೊರಟವರಿಗೆ ಎರಡನೆಯದು ಸಿಕ್ಕಿತ್ತು, ಅದು ಮೊದಲನೆಯದಕ್ಕೇನೂ ಕಡಿಮೆಯದಾಗಿರಲಿಲ್ಲ. ವಾರಗಿತ್ತಿ ಒಂದೇ ಉಸಿರಿಗೆ ಹೇಳುತ್ತಾ ಹೋದಳು. ಇಬ್ಬರು ಮಕ್ಕಳು, ಕೆಲಸವಿಲ್ಲದೆ ಕುಳಿತ ಗಂಡ, ಹೊತ್ತುಹೊತ್ತಿಗೆ ಅಡುಗೆ, ಆಮೇಲೆ ಹೊಲಿಗೆ. ಹೊರಗೆ ಹೋಗಿ ದುಡಿಯುವ ಅಕ್ಕನಿಗೆ ಆಸ್ಪತ್ರೆಯವರೆಂಬ ಮರ್ಯಾದೆ ಉಂಟು, ನನಗೇನಿದೆ ಎಂದಳು. ಕಿಟಕಿ ಮುಚ್ಚಿಕೊಂಡಿದ್ದ ಬೀದಿಯವರೇ ಈಗ ನಿಮ್ಮಕ್ಕ ಹೇಗಿದ್ದಾರೆ ಎಂದು ವಿಚಾರಿಸುತ್ತಾರಂತೆ. ಇವಳು ಹೇಗಿದ್ದಾಳೆಂದು ಒಬ್ಬರೂ ಕೇಳಿಲ್ಲ.

ಮಗು ನಿಮಗೆ ಅಂಟಿಕೊಂಡಿದೆಯಂತಲ್ಲ, ನಿಮ್ಮ ಮಡಿಲಲ್ಲೇ ಮಲಗುತ್ತದಂತಲ್ಲ ಎಂದೆ. ವಾರಗಿತ್ತಿ ನಕ್ಕಳು, ಆದರೆ ಸಂತೋಷದ ನಗುವಲ್ಲ. ಒಳಗೆ ಹೋಗಿ ಒಂದು ಬಟ್ಟೆ ತಂದು ಕಂಬಿಯ ಮೇಲೆ ಹಿಡಿದಳು. ಹೂವಿನ ಚಿತ್ರದ, ಮಾಸಿದ, ತೋಳಿನ ಅಂಚು ಹರಿದ ಮನೆಯಲ್ಲಿ ತೊಡುವ ಅಂಗಿ. ಬಟ್ಟೆ ಅಕ್ಕ ಮನೆ ಬಿಟ್ಟ ದಿನ ಬೆಳಗ್ಗೆ ಕೆಲಸಕ್ಕೆ ಹೊರಡುವ ಅವಸರದಲ್ಲಿ ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿ ಹೋದದ್ದು.

“ಶಾಲು ಬೇಡ ಅಂತ ಅತ್ತಾಗ ಇದನ್ನ ಹುಡುಕಿದೆ. ಇದನ್ನ ನಾನು ಹಾಕ್ಕೊಂಡು ಕೂತ್ರೆ ಮಗು ಬಂದು ಮಲಗುತ್ತೆ. ತೆಗೆದ್ರೆ ಎದ್ದು ಕೂರುತ್ತೆ. ಮಡಿಲು ನಂದು, ಸೊಂಟ ನೋವು ನಂದು. ನಿದ್ದೆ ಬರೋದು ಮಾತ್ರ ಅವರ ವಾಸನೆಗೆ.”

ತನ್ನ ಅಳತೆಗೆ ಅದು ಬಿಗಿಯಂತೆ, ಕಂಕುಳಲ್ಲಿ ಹಿಡಿಯುತ್ತದಂತೆ. ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳಲು ಅವಳಿಗೆ ಕ್ಷಣ ಹಿಡಿಯುವುದಿಲ್ಲ, ಆದರೂ ಮುಟ್ಟಿಲ್ಲ. ಒಗೆದೂ ಇಲ್ಲ. ಚಿಲಕವನ್ನೂ ಬಿಡದೆ ಒರೆಸುವ ಮನೆಯಲ್ಲಿ ಕೊಳೆಯಾಗಿ ಉಳಿದಿರುವುದು ಇದೊಂದೇ. ಇದನ್ನು ಅಕ್ಕನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಅಂಗಿಯನ್ನು ತೋಳಿಗೆ ಹಾಕಿಕೊಂಡಳು. “ಹೇಳಿದ್ರೆ ಗೆದ್ದೆ ಅಂದ್ಕೋತಾರೆ. ಮಗು ನನ್ನ ಹತ್ರ ಚೆನ್ನಾಗಿದೆ ಅಂತ ಒಂದಾದ್ರೂ ನನಗೆ ಇರಲಿ ಅನ್ನಿಸ್ತು. ನಾನಂತೂ ಹೇಳಲ್ಲ. ನೀವು ಬೇಕಾದ್ರೆ ಹೇಳ್ಕೊಳ್ಳಿ.”

ಆಗ ಬಾಗಿಲ ಸಂದಿಯಿಂದ ಮೋಟು ಕೂದಲಿನ ಒಂದು ತಲೆ ಹಣಕಿತು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಇವರು ಕೈ ತೊಳೆದಿದ್ದಾರಾ ಎಂದು ಚಿಕ್ಕಮ್ಮನನ್ನು ಕೇಳಿತು. ತೊಳೆದಿದ್ದೇನೆ ಎಂದು ಎರಡೂ ಕೈ ಎತ್ತಿ ತೋರಿಸಿದೆ. ಅದಕ್ಕೆ ಅಷ್ಟೇನೂ ನಂಬಿಕೆ ಬಂದಂತೆ ಕಾಣಲಿಲ್ಲ.

ಮಾರನೆಯ ಬೆಳಗ್ಗೆ ಮತ್ತೆ ಇಳಿಜಾರು, ಮತ್ತೆ ಗಾಡಿಗಳು. ಚರಂಡಿಯ ಈಚೆಯಿಂದ ನಾನು ಕಂಡದ್ದನ್ನೂ ಕೇಳಿದ್ದನ್ನೂ ಹೇಳಿದೆ. ಬಟ್ಟೆ ಅಕ್ಕ ಚೀಲ ಎಣಿಸುವುದನ್ನು ನಿಲ್ಲಿಸಲಿಲ್ಲ. ಹೂವಿನ ಅಂಗಿ ಎಂದಾಗ ಮಾತ್ರ ತಲೆ ಎತ್ತಿದರು.

“ಅದನ್ನ ಇನ್ನೂ ಒಗೆದಿಲ್ವಾ? ಅವತ್ತು ಬೆವರಲ್ಲಿ ನೆಂದಿತ್ತು ಅದು. ಗಬ್ಬು ನಾರ್ತಿರುತ್ತೆ.”

ನಾರಿದರೂ ದಿನಾ ಅದನ್ನೇ ಹಾಕಿಕೊಂಡು ಕೂರುತ್ತಾಳೆ ಎಂದೆ. ಬಟ್ಟೆ ಅಕ್ಕ ಎಣಿಕೆ ತಪ್ಪಿ ಮೊದಲಿಂದ ಶುರು ಮಾಡಿದರು. ಮತ್ತೆ ತಪ್ಪಿತು. ಕನ್ನಡಕದ ಗಾಜು ಒಳಗಿನಿಂದ ಮಂಜಾಯಿತು, ಒರೆಸಿಕೊಳ್ಳಲು ಗವಸಿನ ಕೈ ಮುಖಕ್ಕೆ ತರುವ ಹಾಗಿಲ್ಲ. ಕೊನೆಗೆ, ಅವಳಿಗೆ ಆ ಅಂಗಿ ಬಿಗಿ, ತೋಳು ಎತ್ತೋಕೂ ಆಗಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಉರಿ ಆರಿತೇ ಎಂದು ಕೇಳಿದೆ. ಆರುವುದೇನು ಬಂತು, ಈಗ ಇನ್ನೂ ಹೆಚ್ಚಾಗಿದೆ ಎಂದರು. ಇಲ್ಲಿಯವರೆಗೆ ಮಗು ಅವಳ ಬಳಿ ಇದೆಯೆಂದು ಉರಿಯುತ್ತಿತ್ತು, ಈಗ ಅವಳು ತನಗಿಂತ ಒಳ್ಳೆಯವಳೂ ಆಗಿಬಿಟ್ಟಳಲ್ಲ ಎಂದು.

ಅವತ್ತು ಮಧ್ಯಾಹ್ನ, ಪ್ಲಾಸ್ಟಿಕ್ ಉಡುಪು ಕಳಚಿ ಸ್ನಾನ ಮಾಡಿ ಬಂದ ಬಟ್ಟೆ ಅಕ್ಕ ಮನೆಗೆ ಫೋನು ಮಾಡಿದರು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ, ಕೇಳಬೇಡಿ ಎಂದರು. ಅಂಗಿಯ ಕಂಕುಳ ಹೊಲಿಗೆ ಬಿಚ್ಚಿಕೋ ಎಂದು ಹೇಳಿದ್ದನ್ನಷ್ಟೇ ಒಪ್ಪಿಕೊಂಡರು.

ಮರುದಿನ ಬೆಳಗ್ಗೆ, ಪದ್ಧತಿಯಂತೆ ಕೊನೆಗೆ ನಾನು ಕೇಳಲೇಬೇಕಿತ್ತು, ನಿಮ್ಮ ಆಸೆ ಏನು ಎಂದು. ಬಟ್ಟೆ ಅಕ್ಕ ಮುಂದಿನ ಗಾಡಿಗೆ ಸೊಂಟ ಕೊಡುತ್ತಾ ಹೇಳಿದರು.

“ನಾನು ಮನೆಗೆ ಹೋದ ದಿನ ಮಗು ಅವಳ ಹಿಂದೆ ಬಚ್ಚಿಟ್ಕೊಂಡ್ರೂ ನಾನೇನೂ ಅನ್ನಲ್ಲ. ಅವಳ ಹತ್ರಾನೇ ಇರಲಿ, ಆ ಒಂದು ದಿನ ಅವಳಿಗೆ ಬಿಟ್ಟೆ. ಎರಡನೇ ದಿನ ನನ್ನ ಹತ್ರ ಬರಬೇಕು. ಅಷ್ಟಕ್ಕಿಂತ ದೊಡ್ಡ ಮನಸ್ಸು ನನಗಿಲ್ಲ.”